ಎರಡನೇ ಸಲದ ಉಪ್ಪು

ದಾಸೊಮ್‌ಳ ಮನೆಯಲ್ಲಿ ಉಪ್ಪಿನ ವಿಷಯದಲ್ಲಿ ಅಜ್ಜಿಗೆ ಯಾರೂ ಎದುರಾಡುತ್ತಿರಲಿಲ್ಲ. ಮನೆಗೆ ಯಾವ ಬಣ್ಣ, ಕಾರು ಯಾವುದು, ಮೊಮ್ಮಗಳು ಏನು ಓದಬೇಕು ಎಂಬುದರಲ್ಲೆಲ್ಲ ಅಜ್ಜಿಯ ಮಾತು ನಡೆಯದೆ ಎಷ್ಟೋ ವರ್ಷಗಳಾಗಿದ್ದವು. ಆದರೆ ಒಲೆಯ ಮೇಲೆ ಸೋಯಾ ಸಾರು ಕುದಿಯುವ ಹೊತ್ತಿಗೆ ಅಮ್ಮ ಚಮಚದಲ್ಲಿ ಒಂದು ಗುಟುಕು ತೆಗೆದು, ಊದಿ ಆರಿಸಿ, ಅಜ್ಜಿಯ ಬಾಯಿಗೆ ಹಿಡಿಯುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸಿ “ಇನ್ನೊಂದು ಚಿಟಿಕೆ” ಎನ್ನುತ್ತಿದ್ದರು, ಇಲ್ಲವೆ “ಸಾಕು” ಎನ್ನುತ್ತಿದ್ದರು. ಅಮ್ಮ ಈ ಮನೆಗೆ ಸೊಸೆಯಾಗಿ ಬಂದ ಮೂವತ್ತು ವರ್ಷದಿಂದ ಅಡುಗೆ ಮುಗಿಯುತ್ತಿದ್ದುದು ಆ ಒಂದು ಮಾತಿನಿಂದಲೇ.

ದಾಸೊಮ್ ಪದವಿ ಮುಗಿಸಿ ವರ್ಷವಾಗುತ್ತಾ ಬಂದಿತ್ತು. ವಾರಕ್ಕೆ ಮೂರು ದಿನ ಜೆಚೊನ್ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ. ಉಳಿದ ದಿನ ಮನೆ. ಹಳೆಯದೊಂದು ಡಿಜಿಟಲ್ ಕ್ಯಾಮೆರಾ ಕೊಂಡಿದ್ದಳು. ಪ್ರತಿ ಸಂಜೆ ಊಟದ ಮೇಜಿನ ಒಂದು ಫೋಟೋ ತೆಗೆದು, ಅದಕ್ಕೆ ಹೊಂದುವಂತೆ ನೋಟುಪುಸ್ತಕದಲ್ಲಿ ಒಂದು ಸಾಲು ಬರೆಯುವುದು ಅವಳ ರೂಢಿ. ಮಾತಾಡಬೇಕಾದ ಕಡೆಯಲ್ಲೆಲ್ಲ ಅವಳು ಕ್ಯಾಮೆರಾ ಮುಖಕ್ಕೆ ಹಿಡಿದುಕೊಳ್ಳುತ್ತಿದ್ದಳು.

“ಇವಳು ಕಣ್ಣಲ್ಲೇ ಊಟ ಮುಗಿಸ್ತಾಳೆ, ನಮಗೆ ಆರಿದ್ದು ಉಳಿಯುತ್ತೆ,” ಎಂದು ಅಜ್ಜಿ ಗೊಣಗುತ್ತಿದ್ದರು. ಆದರೂ ದಾಸೊಮ್ ಒತ್ತುವವರೆಗೆ ಚಾಪ್‌ಸ್ಟಿಕ್ ಎತ್ತುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಎಲ್ಲರೂ ಉಯಿರಿಮ್ ಕೆರೆಗೆ ಹೋಗಿದ್ದರು. ಏರಿಯ ಮೇಲಿನ ಮುದಿ ಪೈನ್ ಮರಗಳ ಕೆಳಗೆ ಚಾಪೆ ಹಾಸಿ, ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಗಿಂಬಾಪ್ ಸುರುಳಿಗಳನ್ನು ಬಿಚ್ಚಿದರು. ಮೂಲಂಗಿ ಉಪ್ಪಿನಕಾಯಿ, ಮೊಟ್ಟೆ, ಪಾಲಕ್ ಎಲ್ಲ ಇದ್ದವು. ಅನ್ನಕ್ಕೆ ಮಾತ್ರ ಉಪ್ಪೇ ಇರಲಿಲ್ಲ. ಅನ್ನ ಕಲೆಸಿದ್ದು ಅಜ್ಜಿ. ಅಪ್ಪ ಒಂದು ತುಂಡು ಅಗಿದು, ಹೆಂಡತಿಯ ಮುಖ ನೋಡಿ, ಇನ್ನೊಂದು ತುಂಡು ತೆಗೆದುಕೊಂಡ. ಅಮ್ಮ “ಗಾಳಿಗೆ ನಾಲಿಗೆ ಜಡ್ಡುಗಟ್ಟುತ್ತೆ” ಎಂದಳು. ಎಲ್ಲರೂ ತಿಂದರು. ಆ ದಿನದ ಫೋಟೋಗೆ ದಾಸೊಮ್ ಬರೆದ ಸಾಲು ಕೆರೆಯ ನೀರಿನ ಬಣ್ಣದ ಬಗ್ಗೆ ಇತ್ತು, ಅನ್ನದ ಬಗ್ಗೆ ಇರಲಿಲ್ಲ.

ನವೆಂಬರಿನ ಮೂರನೇ ವಾರ ಕಿಮ್‌ಜಾಂಗ್. ಇಡೀ ಚಳಿಗಾಲಕ್ಕೆ ಆಗುವಷ್ಟು ಕಿಮ್ಚಿಯನ್ನು, ಎಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿಯನ್ನು, ಒಂದೇ ಸಲಕ್ಕೆ ಹಾಕಿಡುವ ಕೆಲಸ. ಅವರ ಮನೆಗೆ ಮತ್ತು ವೊಂಜು ಪಟ್ಟಣದಲ್ಲಿದ್ದ ಮಿರಾನ್ ಅತ್ತೆಯ ಮನೆಗೆ ಸೇರಿ ಎಂಬತ್ತು ಎಲೆಕೋಸು. ಶುಕ್ರವಾರ ಬೆಳಗ್ಗೆ ಅಮ್ಮನೂ ಅಜ್ಜಿಯೂ ಅಂಗಳದಲ್ಲಿ ಕೂತು ಅವನ್ನು ಉದ್ದಕ್ಕೆ ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಒಂದೊಂದೇ ಎಲೆ ಎತ್ತಿ ಬುಡದ ದಪ್ಪ ಭಾಗಕ್ಕೆ ಕಲ್ಲುಪ್ಪು ಉದುರಿಸಿದರು. ಹನ್ನೊಂದೂವರೆಗೆಲ್ಲ ಎರಡು ದೊಡ್ಡ ಕೆಂಪು ತೊಟ್ಟಿಗಳು ತುಂಬಿದ್ದವು. ಊಟ ಮುಗಿಸಿ ಅಮ್ಮ ಉಪ್ಪು ಸೀಗಡಿ, ಹಸಿ ಸಿಂಪಿ, ಸೊಪ್ಪು ತರಲು ಬಸ್ಸು ಹತ್ತಿ ಸಂತೆಗೆ ಹೋದಳು.

ಮೂರು ಗಂಟೆಯ ಹೊತ್ತಿಗೆ ದಾಸೊಮ್ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಒಳಗೆ ಒಂದು ನಿದ್ದೆ ತೆಗೆದು ಎದ್ದ ಅಜ್ಜಿ ಅಂಗಳಕ್ಕೆ ಬಂದರು. ತೊಟ್ಟಿಗಳನ್ನು ನೋಡಿದರು. “ಇವಳೊಬ್ಬಳು, ಸೀಳಿ ಹಾಗೇ ಬಿಟ್ಟು ಹೋಗಿದಾಳೆ,” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಉಪ್ಪಿನ ಚೀಲದ ಬಾಯಿ ಬಿಚ್ಚಿದರು. ಆಮೇಲೆ ಎಲೆ ಎತ್ತುವುದು, ಉದುರಿಸುವುದು, ಎಲೆ ಎತ್ತುವುದು, ಉದುರಿಸುವುದು.

ಹಾಕಿದ್ದರಲ್ಲ, ಎಂದು ದಾಸೊಮ್‌ಗೆ ಅನ್ನಿಸಿತು. ಅನ್ನಿಸಿದ್ದು ನಿಜ. ಆದರೆ ಗೋಡೆಯ ಮೇಲಿಂದ ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಅಜ್ಜಿಯ ಬೆರಳಿನಿಂದ ಜಾರುವ ಒಂದೊಂದು ಹರಳೂ ಗಾಳಿಯಲ್ಲೇ ಹೊಳೆದು ಆರುತ್ತಿತ್ತು. ಎರಡನೇ ಸಲವೂ ಹಾಕುವ ಪದ್ಧತಿ ಇರಬಹುದೇನೋ. ಅಜ್ಜಿಗೆ ಗೊತ್ತಿರುತ್ತದೆ. ಅವಳು ಕ್ಯಾಮೆರಾ ಎತ್ತಿ ಐದು ಸಲ ಒತ್ತಿದಳು.

“ತೆಗಿ ತೆಗಿ,” ಅಜ್ಜಿ ತಲೆ ಎತ್ತದೆ ಹೇಳಿದರು, “ನಾನು ಹೋದ್ಮೇಲೆ ಇದನ್ನ ನೋಡಿ ಕಲ್ತ್ಕೊಳಿ.”

ಶನಿವಾರ ಬೆಳಗ್ಗೆ ಎಲೆಕೋಸು ತೊಳೆಯುವಾಗ ಅಮ್ಮ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಹುಬ್ಬು ಗಂಟಿಕ್ಕಿದಳು. “ಅತ್ತೆ, ಸ್ವಲ್ಪ ಜಾಸ್ತಿ ಆಯ್ತೇನೋ ಅಂತ. ನೀರಲ್ಲಿ ಇನ್ನೊಂದು ಗಂಟೆ ಬಿಡೋಣ್ವಾ?”

ಅಜ್ಜಿ ರುಚಿ ನೋಡಿದರು. ಕಣ್ಣು ಮುಚ್ಚಿದರು. “ಸರಿ ಇದೆ. ನೀರಲ್ಲಿ ಬಿಟ್ರೆ ಸಪ್ಪೆ ಹೊಡೆಯುತ್ತೆ. ಬುಟ್ಟಿಗೆ ಹಾಕು.”

ಅಮ್ಮ ಬುಟ್ಟಿಗೆ ಹಾಕಿದಳು.

ಹತ್ತು ಗಂಟೆಗೆ ಅಪ್ಪನ ತಂಗಿ ಮಿರಾನ್ ಅತ್ತೆ ನಾಲ್ಕು ಖಾಲಿ ಡಬ್ಬಗಳನ್ನು ಹೊತ್ತು ಬಂದಿಳಿದಳು. ಮಾತಿನಲ್ಲಿ ಮುಂದು, ಕೆಲಸದಲ್ಲೂ ಮುಂದು. ಹೆಂಗಸರೆಲ್ಲ ಮೊಣಕೈವರೆಗೆ ರಬ್ಬರ್ ಕೈಗವಸು ಏರಿಸಿ ಎಲೆಯೆಲೆಗೂ ಖಾರ ಮೆತ್ತುತ್ತ, ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಆಡಿಕೊಳ್ಳುತ್ತ ಮಧ್ಯಾಹ್ನಕ್ಕೆ ಎಂಬತ್ತನ್ನೂ ಮುಗಿಸಿಹಾಕಿದರು. ಬೇಯಿಸಿದ ಹಂದಿಮಾಂಸ ಮೇಜಿಗೆ ಬಂತು. ಮಿರಾನ್ ಅತ್ತೆ ಹೊಸ ಕಿಮ್ಚಿಯನ್ನು ಉದ್ದಕ್ಕೆ ಸಿಗಿದು, ಮಾಂಸಕ್ಕೆ ಸುತ್ತಿ, ಬಾಯಿ ತುಂಬ ತುರುಕಿಕೊಂಡು, ಅಲ್ಲೇ ನಿಂತುಬಿಟ್ಟಳು.

“ಅಯ್ಯೋ! ಇದೇನು ಅತ್ತಿಗೆ, ಕಿಮ್ಚಿ ಹಾಕಿದ್ರೋ ಸಮುದ್ರ ತುಂಬಿಸಿದ್ರೋ?”

ಎಲ್ಲರೂ ತಿಂದು ನೋಡಿದರು. ನೀರಿನ ಲೋಟಗಳು ಓಡಾಡಿದವು.

“ಉಪ್ಪು ಹಾಕಿದ್ದು ಯಾರು?” ಮಿರಾನ್ ಅತ್ತೆ ಕೇಳಿದಳು.

“ಇಬ್ರೂ ಸೇರಿ ಬೆಳಗ್ಗೆ ಒಂದು ಸಲ ಹಾಕಿದ್ವಿ. ಆಮೇಲೆ ನಾನು ಮುಟ್ಟಲೇ ಇಲ್ಲ,” ಎಂದರು ಅಜ್ಜಿ. ಅದರಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಸೊಸೆಯ ಕಡೆ ಬೆರಳು ಮಾಡಿದರು. “ಸಂಜೆ ತಿರುವಿ ಹಾಕಿದ್ದು ಇವಳು. ಆಗ ಮತ್ತೆ ಚೆಲ್ಲಿರ್ಬೇಕು. ಎಲ್ಲೋ ಗ್ಯಾನ ಇಟ್ಕೊಂಡು.”

ದಾಸೊಮ್ ತಟ್ಟೆ ನೋಡುತ್ತಿದ್ದಳು. ಕುತ್ತಿಗೆಯಲ್ಲಿ ತೂಗುತ್ತಿದ್ದ ಕ್ಯಾಮೆರಾ ಒಮ್ಮೆಲೇ ಭಾರವಾಯಿತು. ಅಮ್ಮ ಈಗ ಹೇಳುತ್ತಾಳೆ, ನಾನಲ್ಲ ಎನ್ನುತ್ತಾಳೆ ಎಂದು ಕಾದಳು. ಅಮ್ಮ ಕೈಗೆ ಮೆತ್ತಿದ ಖಾರವನ್ನೇ ದಿಟ್ಟಿಸುತ್ತ, ಏನನ್ನೋ ನೆನಪಿಸಿಕೊಳ್ಳಲು ಒದ್ದಾಡುತ್ತಿರುವವಳ ಹಾಗೆ ಇದ್ದಳು.

“ನಾನೇ ಇರ್ಬೇಕು,” ಎಂದಳು ಕೊನೆಗೆ.

ದಾಸೊಮ್ ಬಾಯಿ ತೆರೆಯಲಿಲ್ಲ. ಹೇಳಿದರೆ ಮರುಪ್ರಶ್ನೆ ಬರುತ್ತದೆ: ನೀನು ನೋಡ್ತಾ ಇದ್ಯಾ?

ಆ ಚಳಿಗಾಲವೆಲ್ಲ ತಪ್ಪು ದಿನಕ್ಕೆ ಮೂರು ಹೊತ್ತು ಮೇಜಿನ ಮೇಲೆ ಬಂದು ಕೂರುತ್ತಿತ್ತು. ಉಪ್ಪು ಎಳೆಯಲೆಂದು ಅಮ್ಮ ಎಲೆಗಳ ನಡುವೆ ಮೂಲಂಗಿ ಹೋಳು ತುರುಕಿದಳು. ತೊಳೆದು ಸಾರಿಗೆ ಹಾಕಿದಳು, ಹುರಿದು ಅನ್ನಕ್ಕೆ ಕಲೆಸಿದಳು, ಹಿಟ್ಟಿನಲ್ಲಿ ಅದ್ದಿ ದೋಸೆ ಹೊಯ್ದಳು. ಎಂಬತ್ತು ಎಲೆಕೋಸು ಮುಗಿಯುವುದೆಂದರೇನು! ಅಜ್ಜಿ ಒಂದು ತುಂಡು ಬಾಯಿಗಿಟ್ಟು ಲೊಚಗುಟ್ಟುತ್ತಿದ್ದರು. ಬೈಗುಳವಾದರೂ ಆಗಿದ್ದರೆ ತಡೆದುಕೊಳ್ಳಬಹುದಿತ್ತು.

ಆದರೆ ಅಮ್ಮನನ್ನು ತಿನ್ನುತ್ತಿದ್ದುದು ಲೊಚಗುಟ್ಟುವಿಕೆಯಲ್ಲ. ಡಿಸೆಂಬರಿನಲ್ಲಿ ಅಡುಗೆಮನೆಯಲ್ಲಿ ಚೀಟಿಗಳು ಕಾಣಿಸಿಕೊಂಡವು. ‘ಅನ್ನಕ್ಕೆ ನೀರು ಇಟ್ಟಿದೆ, 5.20.’ ‘ಸಾರಿಗೆ ಉಪ್ಪು ಹಾಕಿದೆ.’ ‘ಮಾತ್ರೆ ನುಂಗಿದೆ.’ ಅಮ್ಮನ ತಾಯಿ ಕೊನೆಯ ಎಂಟು ವರ್ಷ ಮಗಳ ಹೆಸರೇ ಗೊತ್ತಿಲ್ಲದೆ ಬದುಕಿದ್ದಳು. ಅದು ಶುರುವಾದದ್ದು ಐವತ್ತಾರಕ್ಕೆ. ಅಮ್ಮನಿಗೆ ಈಗ ಐವತ್ತೈದು.

ವರ್ಷದ ಕೊನೆಯ ಭಾನುವಾರ ಪೂರ್ವದ ಕಡಲು ನೋಡಲು ಹೊರಟರು. ಅಜ್ಜಿ ಮುಂದಿನ ಸೀಟಿನಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಇಪ್ಪತ್ತು ನಿಮಿಷದ ದಾರಿ ಸಾಗಿದ ಮೇಲೆ ಅಮ್ಮ ಹಿಂದಿನಿಂದ ಅಪ್ಪನ ಭುಜ ಹಿಡಿದಳು.

“ರೀ, ಗ್ಯಾಸು.”

“ಆರಿಸಿದೀಯ. ನಾನೇ ನೋಡ್ದೆ.”

“ನೀವು ನೋಡಿದ್ದು ನೀರಿನ ನಲ್ಲಿ. ತಿರುಗ್ಸಿ ಕಾರು.”

“ಏನೇ ನಿಂದು ರಗಳೆ...” ಎನ್ನುತ್ತಲೇ ಅಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿದ. ತಿರುಗಿಸಿದ.

ಗ್ಯಾಸು ಆರಿತ್ತು. ಒಲೆಯ ಪಕ್ಕದಲ್ಲಿ ಅವಳದೇ ಕೈಬರಹದ ಚೀಟಿ ಇತ್ತು: ‘ಗ್ಯಾಸು ಆರಿಸಿದೆ.’ ಅಮ್ಮ ಅದನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಹಿಂದೆಯೇ ಬಂದಿದ್ದ ದಾಸೊಮ್ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಕಡಲಿಗೆ ಯಾರೂ ಹೋಗಲಿಲ್ಲ.

ಮರುದಿನ ಅಜ್ಜಿ ಪಕ್ಕದ ಮನೆಗೆ ಇಸ್ಪೀಟು ಆಡಲು ಹೋದ ಸಮಯ ನೋಡಿ, ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮನ ಮುಂದೆ ದಾಸೊಮ್ ಕ್ಯಾಮೆರಾ ಹಿಡಿದಳು.

“ಏನಿದು?”

“ನೋಡಮ್ಮ. ಮೂಲೇಲಿ ಟೈಮ್ ಇದೆ.”

ಅಮ್ಮ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಐದನ್ನೂ ನೋಡಿದಳು. ಮತ್ತೆ ಮೊದಲಿಂದ ನೋಡಿದಳು. ಸಂತೆಯಲ್ಲಿ ತಾನು ಸೀಗಡಿಯ ಅಂಗಡಿಯ ಮುಂದೆ ನಿಂತಿದ್ದ ಹೊತ್ತು ಅದು.

“ನಾನಲ್ಲ,” ಎಂದಳು. ಆಮೇಲೆ ಇನ್ನೂ ಮೆತ್ತಗೆ, “ನಾನಲ್ಲ.” ಎದೆಯೊಳಗೆ ಒಂದೂವರೆ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರೆಲ್ಲ ಹೊರಬಂದು, ನಗುವೋ ಅಳುವೋ ತಿಳಿಯದ ಹಾಗೆ ಭುಜ ಕುಣಿಯಿತು. ಆ ನಗು ನಡುವೆಯೇ ನಿಂತಿತು. ತನಗಲ್ಲದಿದ್ದರೆ ಯಾರಿಗೆ ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಬೆಳ್ಳುಳ್ಳಿಯ ವಾಸನೆಯ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

“ನೀನು ಅಲ್ಲೇ ಇದ್ದೆ.”

“ಹ್ಞೂಂ.”

“ಐದು ಸಲ ಒತ್ತಿದೀಯ. ಒಂದು ಸಲ ‘ಅಜ್ಜಿ’ ಅನ್ನಕ್ಕೆ ಆಗ್ಲಿಲ್ವಾ?”

ದಾಸೊಮ್ ಕ್ಯಾಮೆರಾ ಆರಿಸಿದಳು. ಅಮ್ಮ ಅದನ್ನು ಮತ್ತೆ ಕೇಳಲಿಲ್ಲ. ಚೀಟಿಗಳನ್ನೆಲ್ಲ ಕಿತ್ತು ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿ ಬಂದು ಹೇಳಿದಳು, “ಯಾರಿಗೂ ತೋರಿಸ್ಬೇಡ. ಅವರಿಗೆ ಈ ಮನೇಲಿ ಉಳ್ದಿರೋದೇ ಅದೊಂದು. ಉಪ್ಪು ನೋಡೋದು.”

“ಮತ್ತೆ ನಿನ್ನ ಬಗ್ಗೆ ಎಲ್ರೂ...”

“ನನ್ನ ಕೈಗುಣ ಕೆಟ್ಟಿದೆ ಅಂದ್ರೆ ಅನ್ಲಿ. ನಂಗೆ ಗೊತ್ತಾಯ್ತಲ್ಲ, ಸಾಕು.”

ಅಂದಿನಿಂದ ಅಮ್ಮ ಮೊದಲು ತಾನೇ ಗುಟ್ಟಾಗಿ ರುಚಿ ನೋಡಿ, ಆಮೇಲೆ ಚಮಚವನ್ನು ಅಜ್ಜಿಯ ಬಾಯಿಗೆ ಹಿಡಿಯತೊಡಗಿದಳು. ಅಜ್ಜಿ “ಇನ್ನೊಂದು ಚಿಟಿಕೆ” ಎಂದರೆ ಬರಿಗೈಯನ್ನು ಪಾತ್ರೆಯ ಮೇಲೆ ಆಡಿಸುತ್ತಿದ್ದಳು. ದಾಸೊಮ್ ಅದನ್ನು ನೋಡಿ ಕ್ಯಾಮೆರಾ ಎತ್ತದೆ ಹೊರಗೆ ಹೋಗುತ್ತಿದ್ದಳು. ಒಂದು ದಿನ ಅಜ್ಜಿ ಪಕ್ಕದ ಮನೆಯಿಂದ ಬರುವ ದಾರಿಯಲ್ಲಿ ಮನೆಯ ಗೇಟನ್ನು ದಾಟಿ ಮುಂದೆ ಹೋಗಿ, ಮೂಲೆಯ ಅಂಗಡಿಯವನ ಹತ್ತಿರ ಏನೋ ಕೊಳ್ಳಲು ಬಂದವರ ಹಾಗೆ ಅರ್ಧ ಗಂಟೆ ನಿಂತಿದ್ದರು. ಅದನ್ನೂ ಅಮ್ಮ ಯಾರಿಗೂ ಹೇಳಲಿಲ್ಲ.

ಚಾಂದ್ರ ವರ್ಷದ ಮೊದಲ ದಿನ ಬಂತು. ಹಿರಿಯರಿಗೆ ಎಡೆ ಇಟ್ಟು, ಅಜ್ಜಿಗೆ ನಮಸ್ಕಾರ ಮಾಡಿ, ಅಕ್ಕಿಬಿಲ್ಲೆಯ ಬಿಸಿ ಸಾರು ಕುಡಿದಾಗಿತ್ತು. ಮಧ್ಯಾಹ್ನ ಬಂದ ಮಿರಾನ್ ಅತ್ತೆ ರಾತ್ರಿ ಉಳಿಯುವವಳಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಅಪ್ಪನನ್ನು ಬಾಗಿಲಿಗೆ ಕರೆದಳು. ಅಮ್ಮ ಅಲ್ಲೇ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ದಾಸೊಮ್ ನೆಲದ ಮೇಲೆ ಪೇರಳೆ ಹೆಚ್ಚುತ್ತಿದ್ದಳು.

“ಅಣ್ಣ, ಬೇಜಾರು ಮಾಡ್ಕೋಬೇಡ. ಅತ್ತಿಗೆ ಎದುರಿಗೇ ಹೇಳ್ತಾ ಇದೀನಿ, ಹಿಂದೆ ಆಡೋಳಲ್ಲ ನಾನು. ಒಂದ್ಸಲ ಅವರನ್ನ ತಲೆ ಡಾಕ್ಟ್ರಿಗೆ ತೋರ್ಸು. ಅವರಮ್ಮಂಗೂ ಇತ್ತಲ್ವಾ? ಎಂಬತ್ತು ಎಲೆಕೋಸಿಗೆ ಎರಡು ಸಲ ಉಪ್ಪು ಹಾಕಿದ್ದು ಯಾರಿಗೂ ನೆನಪಿಲ್ಲ ಅಂದ್ರೆ ತಮಾಷೆನಾ?”

ಅಮ್ಮನ ಕೈ ಸಿಂಕಿನಲ್ಲೇ ನಿಂತಿತು. ಅವಳು ಹೇಳುವುದಿಲ್ಲ ಎಂದು ದಾಸೊಮ್‌ಗೆ ಗೊತ್ತಿತ್ತು. ಅಪ್ಪ ತಲೆ ಕೆರೆದುಕೊಂಡು “ಹಬ್ಬ ಕಳೀಲಿ, ನೋಡೋಣ” ಎಂದ. ಡಾಕ್ಟರ ಮುಂದೆ ಕೂರಬೇಕಾದವರು ಕೂರುವುದಿಲ್ಲ, ಕೂರಬೇಕಿಲ್ಲದವಳು ಕೂರುತ್ತಾಳೆ. ದಾಸೊಮ್ ಚಾಕು ಕೆಳಗಿಟ್ಟು ಎದ್ದಳು.

ಎಲ್ಲರ ಮುಂದೆ ತೋರಿಸುವ ಧೈರ್ಯ ಅವಳಿಗಿರಲಿಲ್ಲ. ಕಾಲು ಅವಳನ್ನು ಅಜ್ಜಿಯ ಕೋಣೆಗೆ ಒಯ್ದಿತು. ಬೆಚ್ಚಗಿನ ನೆಲದ ಮೇಲೆ ಅಜ್ಜಿ ಒರಗಿ ಕೂತಿದ್ದರು.

“ಅಜ್ಜಿ, ನಿಮ್ಮದೊಂದು ಫೋಟೋ.”

“ಕೊಡು. ಕನ್ನಡಕ ಎಲ್ಲೋಯ್ತು? ಹ್ಞಾಂ.” ಅಜ್ಜಿ ಕ್ಯಾಮೆರಾವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. “ಚೆನ್ನಾಗಿ ತೆಗ್ದಿದೀಯ ಕಣೇ. ಉಪ್ಪು ನೋಡು, ಹೆಂಗೆ ಮಿಂಚ್ತಿದೆ.”

ದಾಸೊಮ್ ಮುಂದಿನದನ್ನು ತೋರಿಸಿದಳು. ಅದರಲ್ಲಿ ಎಲೆಗಳು ಹತ್ತಿರದಿಂದ ಕಾಣುತ್ತಿದ್ದವು. ಅಜ್ಜಿಯ ಹೆಬ್ಬೆರಳು ನಿಂತಿತು.

“ಎಲೆ ಬಾಗಿದೆ,” ಎಂದರು. ಅರವತ್ತು ವರ್ಷ ಎಲೆಕೋಸು ನೋಡಿದ ಕಣ್ಣು ಅದು. “ಇದು ಆಗ್ಲೇ ಉಪ್ಪು ಕುಡಿದ ಎಲೆ. ಬಾಗಿದ ಎಲೆಗೆ ಯಾರಾದ್ರೂ ಮತ್ತೆ ಉಪ್ಪು ಹಾಕ್ತಾರಾ?”

ದಾಸೊಮ್ ಇಡೀ ಅಂಗಳ ಕಾಣುವ ಇನ್ನೊಂದು ಫೋಟೋಗೆ ಸರಿಸಿದಳು.

“ನಿಮ್ಮಮ್ಮ ಎಲ್ಲಿ ಇದ್ರಲ್ಲಿ?”

“ಸಂತೆಗೆ ಹೋಗಿದ್ರು.”

“ಬೆಳಗ್ಗೆ ನಾವು...”

“ಇಬ್ರೂ ಸೇರಿ ಹಾಕಿದ್ರಿ ಅಜ್ಜಿ. ಊಟಕ್ಕೆ ಮುಂಚೆ.”

ಅಜ್ಜಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಫೋಟೋದಲ್ಲಿದ್ದ ಹೆಂಗಸನ್ನು ಬಹಳ ಹೊತ್ತು ನೋಡಿದರು. ಅವರ ಕೆಳತುಟಿ ಒಳಗೆ ಸೇರಿತು. “ನೀನು ನೋಡ್ತಾ ಇದ್ಯಲ್ಲ. ಯಾಕೆ ಹೇಳ್ಲಿಲ್ಲ ನಂಗೆ?”

“ನಿಮಗೆ ಗೊತ್ತಿರುತ್ತೆ ಅನ್ಕೊಂಡೆ.”

“ಹ್ಞೂಂ. ನಾನೂ ಹಂಗೇ ಅನ್ಕೊಂಡಿದ್ದೆ.”

ಗೋಡೆ ಹಿಡಿದು ಎದ್ದು ಅಜ್ಜಿ ಅಡುಗೆಮನೆಗೆ ನಡೆದರು. “ಮಿರಾನ್,” ಎಂದು ಕರೆದ ದನಿ ಹಳೆಯ ದಿನಗಳದ್ದಾಗಿತ್ತು. “ಡಾಕ್ಟ್ರ ಹತ್ರ ಹೋಗ್ಬೇಕಾದೋಳು ನಾನು. ಇವಳಲ್ಲ. ಉಪ್ಪು ಎರಡನೇ ಸಲ ಹಾಕಿದ್ದು ನಾನೇ. ಹುಡುಗಿ ಹತ್ರ ಫೋಟೋ ಇದೆ, ನೋಡ್ಕೋ.” ಆಮೇಲೆ ಸೊಸೆಯ ಕಡೆ ತಿರುಗಿ ಗದರಿದರು, “ನೀನು ಎಂಥವಳೇ! ಎರಡು ತಿಂಗಳು ತಲೆ ತಗ್ಗಿಸ್ಕೊಂಡು ನಿಂತಿದ್ದೆ. ಬಾಯಿ ಇರ್ಲಿಲ್ವಾ ನಿಂಗೆ?”

ಅಮ್ಮ ಒದ್ದೆ ಕೈಯಿಂದಲೇ ಅಜ್ಜಿಯ ಕೈ ಹಿಡಿದುಕೊಂಡಳು. ಮಿರಾನ್ ಅತ್ತೆ ಬಾಯಿ ತೆರೆದಳು, ಮುಚ್ಚಿದಳು, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸತೊಡಗಿದಳು. ಸೋಮವಾರ ಆಸ್ಪತ್ರೆ ಎಂದು ಮಾತಾಯಿತು. ಆ ಸಂಜೆ ಮಿರಾನ್ ಅತ್ತೆ ಅಮ್ಮನ ತಟ್ಟೆಗೆ ಮೀನಿನ ಒಳ್ಳೆಯ ತುಂಡನ್ನು ತಾನೇ ಬಿಡಿಸಿ ಹಾಕಿದಳು. ದಾಸೊಮ್ ನೋಟುಪುಸ್ತಕ ತೆರೆದು, ಏನು ಬರೆಯಬೇಕೋ ತಿಳಿಯದೆ ಮುಚ್ಚಿದಳು. ಮುಗಿಯಿತು ಎಂದುಕೊಂಡಳು.

ಮರುದಿನ ಬೆಳಗಿನ ಊಟಕ್ಕೆ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಅಜ್ಜಿ ಕಿಮ್ಚಿಯ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಲೊಚಗುಟ್ಟಿದರು.

“ಈ ವರ್ಷ ನಿನ್ನ ಕೈಗೆ ಏನಾಗಿತ್ತೇ?” ಎಂದರು ಅಮ್ಮನನ್ನು ನೋಡಿ. “ಮೂವತ್ತು ವರ್ಷ ಕಲಿಸಿದ್ದು ದಂಡ. ಒಂದು ಸಲ ಹಾಕಿದ್ಮೇಲೆ ಯಾರಾದ್ರೂ ಮತ್ತೆ ಉಪ್ಪು ಹಾಕ್ತಾರಾ?”

ಮಿರಾನ್ ಅತ್ತೆಯ ಚಮಚ ಗಾಳಿಯಲ್ಲೇ ನಿಂತಿತು. “ಅಮ್ಮಾ, ನಿನ್ನೆ ನೀನೇ...” ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಅಪ್ಪ ಸಾರಿನ ಬಟ್ಟಲಿನೊಳಗೆ ನೋಡುತ್ತಿದ್ದ. ಅಜ್ಜಿಯ ಮುಖದಲ್ಲಿ ನಿನ್ನೆಯ ಗುರುತೇ ಇರಲಿಲ್ಲ.

ಕ್ಯಾಮೆರಾ ದಾಸೊಮ್‌ಳ ಮಂಡಿಯ ಪಕ್ಕದಲ್ಲೇ ಇತ್ತು. ತೋರಿಸಬಹುದು. ತೋರಿಸಿದರೆ ಅಜ್ಜಿ ಕನ್ನಡಕ ಹುಡುಕುತ್ತಾರೆ, ಚೆನ್ನಾಗಿ ತೆಗ್ದಿದೀಯ ಎನ್ನುತ್ತಾರೆ, ಬಾಗಿದ ಎಲೆಯ ಮೇಲೆ ಅವರ ಹೆಬ್ಬೆರಳು ನಿಲ್ಲುತ್ತದೆ. ನಿನ್ನೆಯ ಹಾಗೆಯೇ ಹೊಸದಾಗಿ ಅವರಿಗೆ ಅದು ಮತ್ತೆ ಗೊತ್ತಾಗುತ್ತದೆ. ನಾಳೆ ಇನ್ನೊಮ್ಮೆ. ಎಷ್ಟು ಸಲ? ಎದುರಿಗೆ ಅಮ್ಮ ಎಂದಿನಂತೆ ತಲೆ ತಗ್ಗಿಸಿ, ಬಾಯಿ ತೆರೆಯಲು ಸಿದ್ಧಳಾಗುತ್ತಿದ್ದಳು. ಅವಳು ಏನು ಹೇಳುತ್ತಾಳೆಂದು ದಾಸೊಮ್‌ಗೆ ಗೊತ್ತಿತ್ತು.

“ಅಮ್ಮ ಅಲ್ಲ ಅಜ್ಜಿ,” ಎಂದಳು ದಾಸೊಮ್. ಅವಳ ದನಿ ಅವಳಿಗೇ ಜೋರೆನಿಸಿತು. “ಎರಡನೇ ಸಲ ಹಾಕಿದ್ದು ನಾನು.”

ಅಜ್ಜಿ ಚಾಪ್‌ಸ್ಟಿಕ್ ಕೆಳಗಿಟ್ಟರು. “ನೀನಾ?”

“ಹ್ಞೂಂ. ಅಮ್ಮ ಸಂತೆಗೆ ಹೋದಾಗ. ಹಾಕಿದಾರೆ ಅಂತ ಗೊತ್ತಿತ್ತು. ಆದ್ರೂ ಸುಮ್ನಿದ್ದೆ.”

“ಸುಮ್ನಿದ್ದೆ ಅಂದ್ರೆ? ಹಾಕ್ದೆ ಅನ್ನು!” ಅಜ್ಜಿಯ ಬೆನ್ನು ನೆಟ್ಟಗಾಯಿತು, ಕೆನ್ನೆಗೆ ಬಣ್ಣ ಬಂತು. “ನಿಂಗೆ ಯಾರೇ ಹೇಳಿದ್ದು ಕಲ್ಲುಪ್ಪು ಮುಟ್ಟೋಕೆ? ಬೆಳಗಾದ್ರೆ ಆ ಪೆಟ್ಟಿಗೇಲಿ ಕಣ್ಣು ತೂರಿಸ್ಕೊಂಡಿರ್ತೀಯ, ಎಲೆ ಬಾಗಿದ್ಯೋ ನೆಟ್ಟಗಿದ್ಯೋ ಅಂತ ನೋಡೋಕೆ ಬರಲ್ವಾ? ಬಾಗಿದ್ರೆ ಮುಟ್ಬಾರ್ದು. ಇಷ್ಟೇ ಪಾಠ. ಪದವಿ ಮಾಡಿದಾಳಂತೆ, ಪದವಿ! ಪಾಪ, ನಿಮ್ಮಮ್ಮನ್ನ ನಾನು ಸುಮ್ನೆ ಅಂದ್ನಲ್ಲ...”

ಅಮ್ಮ ಎದ್ದು ನೀರು ತರುವ ನೆವದಲ್ಲಿ ಒಳಗೆ ಹೋದಳು. ಹೋಗುವಾಗ ಅವಳ ಕೈ ದಾಸೊಮ್‌ಳ ತಲೆಯ ಮೇಲೆ ಒಂದು ಕ್ಷಣ ಊರಿತು. ಮಿರಾನ್ ಅತ್ತೆ ಮೂಗು ಒರೆಸಿಕೊಂಡು, “ಇನ್ನೂ ಬೈಯಮ್ಮ, ಈಗಿನ ಹುಡುಗೀರಿಗೆ ಹಂಗೇ ಆಗ್ಬೇಕು,” ಎಂದಳು. ಅವಳ ದನಿ ಒಡೆದಿತ್ತು.

ದಾಸೊಮ್ ಬೈಸಿಕೊಂಡಳು. ಅದರಲ್ಲಿ ಅರ್ಧದಷ್ಟಾದರೂ ತನಗೇ ಸಲ್ಲಬೇಕಾದದ್ದು ಎಂದು ಅವಳಿಗೆ ಅನ್ನಿಸುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಕೂತಾಗ ಅಜ್ಜಿ ಕಿಮ್ಚಿ ಬಾಯಿಗಿಟ್ಟು, ಲೊಚಗುಟ್ಟಿ, ಅಮ್ಮನ ಕಡೆ ತಿರುಗಿದರು. ಅವರು ಮಾತು ಮುಗಿಸುವ ಮೊದಲೇ ದಾಸೊಮ್ ಹೇಳಿದಳು. ಈ ಸಲದ ಬೈಗುಳ ಬೆಳಗಿನದಕ್ಕಿಂತ ಉದ್ದವಾಗಿತ್ತು.